ಫಾಗ್ ಲೈಟ್ ಮಿಣುಕುತ್ತಿದೆಯಾ? ಬಲ್ಬ್ ಬಿಡಿ, ಮೊದಲು ಅರ್ತ್ ನೋಡಿ

ಪ್ರಶ್ನೆ: ನಾನಿರುವುದು ಮಣಿಪಾಲದಲ್ಲಿ. ಕಾರು ಸೆಕೆಂಡ್ ಹ್ಯಾಂಡ್, ಪೆಟ್ರೋಲ್, ಹತ್ತು ವರ್ಷ ಹಳೆಯದು. ಅತ್ತೆ ಮನೆ ತೀರ್ಥಹಳ್ಳಿ ಹತ್ತಿರ, ಹಾಗಾಗಿ ಆಗುಂಬೆ ಘಾಟಿ ತಪ್ಪುವುದಿಲ್ಲ. ಎಡಗಡೆ ಫಾಗ್ ಲೈಟ್ ಒಮ್ಮೆ ಉರಿಯುತ್ತದೆ, ಒಮ್ಮೆ ಇಲ್ಲ. ಬಂಪರಿಗೆ ಒಂದು ಪೆಟ್ಟು ಕೊಟ್ಟರೆ ಹತ್ತಿಕೊಳ್ಳುತ್ತದೆ. ಬಲಗಡೆಯದು ಉರಿಯುತ್ತದೆ, ಆದರೆ ತುಂಬಾ ಮಂಕು, ಒಳಗೆ ನೀರಿನ ಹನಿ ಬೇರೆ ಕಾಣುತ್ತದೆ. ಈ ಮಳೆಗಾಲದಲ್ಲಿ ಎರಡು ಸಲ ಫ್ಯೂಸ್ ಹೋಯಿತು. ಹಿಂದಿನ ಕೆಂಪು ಫಾಗ್ ಲೈಟ್ ಒಂದೇ ಕಡೆ ಉರಿಯುತ್ತದೆ. ಅಂಗಡಿಯವರು "ಎಲ್‌ಇಡಿ ಹಾಕಿ, ಎಲ್ಲ ಸರಿ ಆಗ್ತದೆ" ಅನ್ನುತ್ತಾರೆ. ಹಾಕಬಹುದಾ? ಇನ್ನೊಂದು ವಿಷಯ: ಲೈಟ್ ಸರಿ ಇದ್ದಾಗಲೂ ಘಾಟಿಯ ಮಂಜಿನಲ್ಲಿ ನನಗೆ ಜಾಸ್ತಿ ಏನೂ ಕಾಣುತ್ತಿರಲಿಲ್ಲ. ನಾನು ಬಳಸುವ ಕ್ರಮವೇ ತಪ್ಪಾ?

ಉತ್ತರ: ಎಲ್‌ಇಡಿ ಈಗಲೇ ತೆಗೆದುಕೊಳ್ಳಬೇಡಿ ಮಾರಾಯ್ರೆ. ನೀವು ಬರೆದದ್ದರಲ್ಲಿ ಬಲ್ಬ್ ಹೋಗಿದೆ ಎನ್ನುವ ಲಕ್ಷಣ ಒಂದೂ ಕಾಣುವುದಿಲ್ಲ. ಬಲ್ಬಿನ ಫಿಲಮೆಂಟ್ ತುಂಡಾದರೆ ಅದು ಹೋಯಿತು, ಅಷ್ಟೇ. ಪೆಟ್ಟು ಕೊಟ್ಟಾಗ ಹತ್ತಿಕೊಂಡು ಮುಂದಿನ ಗುಂಡಿಯಲ್ಲಿ ಆರುವುದು, ಮಂಕಾಗಿ ಉರಿಯುವುದು, ಇವೆಲ್ಲ ವಯರ್ ಸೇರುವ ಜಾಗದ ಸಮಸ್ಯೆಗಳು. ಕರಾವಳಿ ಕಾರುಗಳಲ್ಲಿ ಇದು ತೀರಾ ಮಾಮೂಲು. ಮಲ್ಪೆ, ಪಡುಬಿದ್ರಿ, ಉಳ್ಳಾಲದ ಕಡೆಯ ಗಾಳಿಯಲ್ಲೇ ಉಪ್ಪು ಉಂಟು, ಮೇಲಿಂದ ನಾಲ್ಕು ತಿಂಗಳು ಮಳೆ, ಮತ್ತೆ ಫಾಗ್ ಲೈಟ್ ಕೂತಿರುವುದು ಕಾರಿನ ಅತಿ ಕೆಳಗಿನ ಮೂಲೆಯಲ್ಲಿ. ರಸ್ತೆಯ ನೀರೆಲ್ಲ ಮೊದಲು ಅದಕ್ಕೇ ಎರಚುತ್ತದೆ.

ಒಂದು ವಿಷಯ ಮೊದಲೇ ಬೇರೆ ಮಾಡಿಕೊಳ್ಳಿ, ಯಾಕೆಂದರೆ ಗ್ಯಾರೇಜಿನಲ್ಲಿ ಇದನ್ನು ಒಟ್ಟಿಗೆ ಕಲಸಿಬಿಡುತ್ತಾರೆ. ಕಿಲುಬು ಹಿಡಿದ ಜಾಯಿಂಟ್ ಕರೆಂಟನ್ನು ತಡೆಯುತ್ತದೆ, ಅಂದರೆ ಕರೆಂಟ್ ಕಡಿಮೆ ಆಗುತ್ತದೆ. ಫ್ಯೂಸ್ ಹೋಗುವುದು ಕರೆಂಟ್ ಜಾಸ್ತಿ ಆದಾಗ. ಹಾಗಾಗಿ ನಿಮ್ಮ ಕಾರಿನಲ್ಲಿ ಎರಡು ತೊಂದರೆಗಳು ಇರುವ ಸಾಧ್ಯತೆಯೇ ಹೆಚ್ಚು. ಒಂದು ಕನೆಕ್ಟರ್ (ಬಲ್ಬಿಗೆ ಸಿಕ್ಕಿಸುವ ವಯರಿನ ಪ್ಲಗ್) ಅಥವಾ ಅರ್ತ್‌ನದು (ಕರೆಂಟ್ ಕಾರಿನ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ), ಇನ್ನೊಂದು ಎಲ್ಲೋ ವಯರ್ ಕಾರಿನ ಬಾಡಿಯ ತಗಡಿಗೆ ತಾಗುತ್ತಿರುವುದು. ಒಂದನ್ನು ಸರಿಮಾಡಿ ಇನ್ನೊಂದು ಬಿಟ್ಟರೆ ಮುಂದಿನ ಜುಲೈಯಲ್ಲಿ ಮತ್ತೆ ಇದೇ ಪ್ರಶ್ನೆ ಕೇಳುತ್ತೀರಿ.

ಮೊದಲು ಕನೆಕ್ಟರ್. ತುಂಬಾ ಕಾರುಗಳಲ್ಲಿ ಬಂಪರ್ ಬಿಚ್ಚಬೇಕಾಗಿಲ್ಲ. ಸ್ಟೇರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ, ಚಕ್ರದ ಮುಂದಿನ ಪ್ಲಾಸ್ಟಿಕ್ ಲೈನರಿನ ಎರಡು ಮೂರು ಕ್ಲಿಪ್ ತೆಗೆದರೆ ಕೈ ಹೋಗುತ್ತದೆ. ಲೈಟ್ ಆರಿಸಿ, ಬಲ್ಬ್ ತಣ್ಣಗಾದ ಮೇಲೆ ಲಾಕ್ ಒತ್ತಿ ಕನೆಕ್ಟರ್ ಎಳೆಯಿರಿ. ಒಳಗೆ ಎರಡು ಹಿತ್ತಾಳೆ ಟರ್ಮಿನಲ್ ಕಾಣುತ್ತವೆ. ಸರಿ ಇದ್ದರೆ ಹಳದಿಯಾಗಿ ಹೊಳೆಯುತ್ತವೆ. ನಿಮ್ಮದರಲ್ಲಿ ಬಹುಶಃ ಹಸಿರು ಪುಡಿ ಕೂತಿರುತ್ತದೆ, ಕೆಲವು ಸಲ ಒಂದು ಟರ್ಮಿನಲ್ ಕಪ್ಪಾಗಿ ಅದರ ಸುತ್ತ ಪ್ಲಾಸ್ಟಿಕ್ ಕರಗಿ ಕಂದು ಬಣ್ಣ ಬಂದಿರುತ್ತದೆ. ಕಂದು ಇದ್ದರೆ ಅಲ್ಲಿ ಬಿಸಿಯಾಗಿದೆ ಎಂದು ಅರ್ಥ, ಆ ಕನೆಕ್ಟರನ್ನು ಉಜ್ಜಿ ಪ್ರಯೋಜನ ಇಲ್ಲ, ಬದಲಾಯಿಸಿ. ಬರೀ ಹಸಿರು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸಣ್ಣ ಬ್ರಷ್‌ನಿಂದ ಉಜ್ಜಿದರೆ ಸಾಕು. ಹಾಗೇ ಕನೆಕ್ಟರಿನ ಬಾಯಿಯಲ್ಲಿ ರಬ್ಬರ್ ಸೀಲ್ ಉಂಟಾ ನೋಡಿ. ಹಿಂದೆ ಯಾರಾದರೂ ಬಲ್ಬ್ ಬದಲಾಯಿಸಿದ್ದರೆ ಆ ಸೀಲ್ ಅಲ್ಲೇ ಎಲ್ಲೋ ಬಿದ್ದುಹೋಗಿರುತ್ತದೆ, ಯಾರೂ ತಲೆಕೆಡಿಸಿಕೊಂಡಿರುವುದಿಲ್ಲ.

ಮುಂದೆ ಅರ್ತ್. ಫಾಗ್ ಲೈಟಿನ ಒಂದು ವಯರ್ (ಹೆಚ್ಚಾಗಿ ಕಪ್ಪು ಬಣ್ಣದ್ದು, ಆದರೆ ಬಣ್ಣ ಒಂದನ್ನೇ ನಂಬಬೇಡಿ) ಎಲ್ಲೋ ಬಾಡಿಗೆ ಬೋಲ್ಟಿನಲ್ಲಿ ಸೇರುತ್ತದೆ. ಬ್ಯಾಟರಿ ಟ್ರೇ ಅಡಿಯಲ್ಲೋ ಹೆಡ್‌ಲೈಟ್ ಹಿಂದೆಯೋ ಇರುತ್ತದೆ. ಬೋಲ್ಟ್ ಬಿಚ್ಚಿದಾಗ ವಯರಿನ ತುದಿಯ ರಿಂಗಿನ ಅಡಿಯಲ್ಲಿ ಬಿಳಿ ತಗಡು ಕಾಣಬೇಕು. ಕಾಣುವುದು ಕೆಂಪು ತುಕ್ಕು, ಇಲ್ಲವೇ ಪೇಂಟ್ ಮೇಲೆಯೇ ಕೂರಿಸಿದ ರಿಂಗ್. ಟಿಂಕರಿಂಗ್ ಆದ ಕಾರಿನಲ್ಲಿ ಪೇಂಟ್ ಹೊಡೆದ ಮೇಲೆ ಅದರ ಮೇಲೆಯೇ ಬಿಗಿದುಬಿಡುತ್ತಾರೆ. ನಿಮ್ಮದು ಸೆಕೆಂಡ್ ಹ್ಯಾಂಡ್ ಬೇರೆ, ಅಲ್ವಾ? ಮರಳು ಕಾಗದದಲ್ಲಿ ಆ ಜಾಗವನ್ನು ಬರಿ ತಗಡು ಬರುವ ತನಕ ತಿಕ್ಕಿ, ರಿಂಗನ್ನೂ ತಿಕ್ಕಿ, ಬಿಗಿಯಾಗಿ ಕೂರಿಸಿ, ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಮೆತ್ತಿ. ಕ್ರಮ ಮುಖ್ಯ. ಮೊದಲು ಲೋಹಕ್ಕೆ ಲೋಹ ತಾಗಬೇಕು, ಆಮೇಲೆ ಜೆಲ್ಲಿ.

ಇಷ್ಟು ಮಾಡಿದ್ದು ಸರಿಯಾಯಿತಾ ಅಂತ ನೋಡಲು ಮಲ್ಟಿಮೀಟರ್ ಇದ್ದರೆ ಒಳ್ಳೆಯದು. ಇಲ್ಲಿ ಎಷ್ಟೋ ಜನ ಮೋಸ ಹೋಗುತ್ತಾರೆ. ಕನೆಕ್ಟರ್ ಬಿಚ್ಚಿಟ್ಟು ಮೀಟರ್ ಇಟ್ಟರೆ ಕೆಟ್ಟ ಜಾಯಿಂಟಿನಲ್ಲೂ ಪೂರ್ತಿ 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಎನ್ನುವಷ್ಟು ಕಡಿಮೆ. ಬಲ್ಬ್ ಉರಿಯುತ್ತಿರುವಾಗಲೇ ನೋಡಬೇಕು. ಮೀಟರಿನ ಕಪ್ಪು ತುದಿ ಬ್ಯಾಟರಿಯ ಮೈನಸ್ಸಿಗೆ, ಕೆಂಪು ತುದಿ ಲೈಟಿನ ಅರ್ತ್ ವಯರಿಗೆ ಹಿಂದಿನಿಂದ ಚುಚ್ಚಿ. 0.2 ವೋಲ್ಟಿಗಿಂತ ಕಡಿಮೆ ಬಂದರೆ ಅರ್ತ್ ಚೆನ್ನಾಗಿದೆ. ಅರ್ಧ ವೋಲ್ಟ್, ಒಂದು ವೋಲ್ಟ್ ಬಂದರೆ ಅಷ್ಟು ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿದೆ.

ಒಂದು ವೋಲ್ಟ್ ಹೋದರೆ ಏನು ಮಹಾ ಅನ್ನಬೇಡಿ. ಹ್ಯಾಲೊಜೆನ್ ಬಲ್ಬಿಗೆ ಸಿಗುವ ವೋಲ್ಟೇಜ್ ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ಸುಮಾರು ನೂರಕ್ಕೆ ಮೂವತ್ತು ಕಡಿಮೆಯಾಗುತ್ತದೆ. ನಿಮ್ಮ ಬಲಗಡೆ ಲೈಟ್ ಮಂಕಾಗಿರುವುದು ಬಹುತೇಕ ಇದೇ ಲೆಕ್ಕ. ಹೊಸ ಬಲ್ಬ್ ಹಾಕಿದರೂ ಅದೇ ಮಂಕು ಇರುತ್ತದೆ. ಎರಡೂ ಲೈಟ್ ಸಮವಾಗಿ ಮಂಕಾಗಿದ್ದರೆ ಮಾತ್ರ ರಿಲೇ (ಸ್ವಿಚ್ ಹಾಕಿದಾಗ ಲೈಟಿಗೆ ಕರೆಂಟ್ ಬಿಡುವ ಸಣ್ಣ ಡಬ್ಬಿ), ಸ್ವಿಚ್ ಕಡೆ ಅನುಮಾನ ಪಡಿ. ರಿಲೇ ಪರೀಕ್ಷೆ ಸುಲಭ, ಅದು ಇರುವ ಫ್ಯೂಸ್ ಬಾಕ್ಸಿನಲ್ಲೇ ಹಾರ್ನಿನದೋ ಇನ್ನೊಂದರದೋ ಅದೇ ನಂಬರಿನ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ.

ಈಗ ಫ್ಯೂಸ್. ಲೆಕ್ಕ ಇಷ್ಟೇ: 55 ವ್ಯಾಟಿನ ಬಲ್ಬ್ 12 ವೋಲ್ಟಿನಲ್ಲಿ ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುತ್ತದೆ. ಎರಡು ಸೇರಿ ಒಂಬತ್ತು ಚಿಲ್ಲರೆ. 15 ಆಂಪಿಯರ್ ಫ್ಯೂಸ್ ಇದ್ದರೆ ಅದು ಸುಮ್ನೆ ಹೋಗುವುದಿಲ್ಲ. ಹಿಂದಿನ ಮಾಲೀಕರು 100 ವ್ಯಾಟಿನ ಬಲ್ಬ್ ಹಾಕಿಟ್ಟಿದ್ದಾರಾ ಅಂತ ಮೊದಲು ನೋಡಿ, ಎರಡು ಸೇರಿ 16 ಆಂಪಿಯರ್ ದಾಟುತ್ತದೆ. ಬಲ್ಬಿನ ಬುಡದಲ್ಲೇ ಬರೆದಿರುತ್ತದೆ. ಅದು ಅಲ್ಲ ಎಂದಾದರೆ ವಯರ್ ಎಲ್ಲೋ ಸಿಪ್ಪೆ ಸುಲಿದಿದೆ.

ಹುಡುಕುವುದಕ್ಕೆ ಒಂದರ ಮೇಲೊಂದು ಫ್ಯೂಸ್ ಸುಡಬೇಡಿ. ಎರಡೂ ಫಾಗ್ ಬಲ್ಬಿನ ಕನೆಕ್ಟರ್ ಬಿಚ್ಚಿ. ಫ್ಯೂಸ್ ಜಾಗದಲ್ಲಿ ಎರಡು ವಯರಿನ ಮೂಲಕ ಒಂದು 21 ವ್ಯಾಟಿನ ಬ್ರೇಕ್ ಬಲ್ಬ್ ಸೇರಿಸಿ, ಸ್ವಿಚ್ ಹಾಕಿ. ವಯರ್ ಎಲ್ಲಿಯೋ ಬಾಡಿಗೆ ತಾಗುತ್ತಿದ್ದರೆ ಈ ಬಲ್ಬ್ ಝಗ್ಗನೆ ಉರಿಯುತ್ತದೆ, ಎರಡು ಆಂಪಿಯರಿಗಿಂತ ಜಾಸ್ತಿ ಹೋಗಲು ಬಿಡುವುದಿಲ್ಲ, ಏನೂ ಸುಡುವುದಿಲ್ಲ. ಅದನ್ನು ನೋಡುತ್ತಾ ವಯರನ್ನು ಗೇಣು ಗೇಣಾಗಿ ಅಲ್ಲಾಡಿಸುತ್ತಾ ಹೋಗಿ. ಎಲ್ಲಿ ಮುಟ್ಟಿದಾಗ ಬಲ್ಬ್ ಆರುತ್ತದೋ ಕಳ್ಳ ಅಲ್ಲಿದ್ದಾನೆ. ಬಂಪರ್ ಬ್ರಾಕೆಟ್ಟಿನ ಚೂಪು ಅಂಚು, ಚಕ್ರದ ಲೈನರ್ ಹಿಂದೆ, ಹಿಂದೆ ಯಾರೋ ಜಾಯಿಂಟ್ ಹಾಕಿ ಇನ್ಸುಲೇಷನ್ ಟೇಪ್ ಸುತ್ತಿದ ಜಾಗ, ಈ ಮೂರನ್ನು ಮೊದಲು ನೋಡಿ. ನಮ್ಮ ಮಳೆಗೆ ಆ ಟೇಪಿನ ಅಂಟು ಒಂದು ವರ್ಷ ನಿಲ್ಲುವುದಿಲ್ಲ. ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಕೊಟ್ಟರೆ ಕುಗ್ಗಿ ವಯರಿಗೆ ಬಿಗಿಯಾಗುವ ಕೊಳವೆ) ಹಾಕಿಸಿ. ಮತ್ತೆ ಇಲಿ! ಮಳೆಗಾಲದಲ್ಲಿ ಬೆಚ್ಚಗಿನ ಇಂಜಿನ್ ಹತ್ತಿರ ಬಂದು ಕೂತು ವಯರ್ ಕಡಿಯುವುದು ಇಲ್ಲಿ ಹೊಸದೇನಲ್ಲ. ತೋಟದ ಮನೆ, ಹಿತ್ತಲಲ್ಲಿ ತೆಂಗಿನಕಾಯಿ ರಾಶಿ ಇದ್ದರೆ ಕೇಳುವುದೇ ಬೇಡ. ಅಲ್ಲಿ ತನಕ 15ರ ಜಾಗಕ್ಕೆ 30ರ ಫ್ಯೂಸ್ ಹಾಕಿ ಓಡಿಸುವ ಬುದ್ಧಿವಂತಿಕೆ ಮಾತ್ರ ಬೇಡ. ಆಗ ಫ್ಯೂಸ್ ಬದಲು ವಯರ್ ಸುಡುತ್ತದೆ.

ಬಲಗಡೆ ಲೈಟಿನ ಒಳಗಿನ ನೀರು. ಗಾಜಿನ ಒಳಗೆ ಬರೀ ಆವಿಯ ಪೊರೆ ಇದ್ದು, ಲೈಟ್ ಸ್ವಲ್ಪ ಹೊತ್ತು ಉರಿದ ಮೇಲೆ ಹೋಗುತ್ತದೆ ಎಂದಾದರೆ ಬಿಟ್ಟುಬಿಡಿ. ಹನಿ ಇಳಿದು ಕೆಳಗೆ ನೀರು ನಿಂತರೆ ಲೆನ್ಸ್ ಒಡೆದಿದೆ, ಅಥವಾ ಹಿಂದಿನ ಸೀಲ್ ಹೋಗಿದೆ, ಅಥವಾ ಗಾಳಿಯಾಡುವ ಸಣ್ಣ ತೂತಿಗೆ ಕೆಸರು ತುಂಬಿದೆ. ಲೈಟ್ ಬಿಸಿಯಾದಾಗ ಒಳಗಿನ ಗಾಳಿ ಹೊರಗೆ ಹೋಗಬೇಕು, ತಣ್ಣಗಾದಾಗ ಒಳಗೆ ಬರಬೇಕು. ತೂತು ಮುಚ್ಚಿದರೆ ಅದು ಸಿಕ್ಕ ಸಂದಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಹಾಗಾಗಿ ಸುತ್ತ ಸಿಲಿಕಾನ್ ಮೆತ್ತಿ ಮುಚ್ಚಿಬಿಡುವ ಉಪಾಯ ನನಗೆ ಸರಿ ಕಾಣುವುದಿಲ್ಲ. ಲೆನ್ಸ್ ಒಡೆದಿದ್ದರೆ ಆ ಒಂದು ಯೂನಿಟ್ ಬದಲಾಯಿಸಿ. ಬಿಸಿ ಲೈಟ್ ಇಟ್ಟುಕೊಂಡು ನಿಂತ ನೀರಿಗೆ ನುಗ್ಗಿದರೆ ಗಾಜಿನ ಲೆನ್ಸ್ ಟಪ್ಪೆಂದು ಬಿರುಕು ಬಿಡುತ್ತದೆ, ಇದೂ ಒಂದು ಕಾರಣ.

ಎಲ್‌ಇಡಿ ಯಾಕೆ ಬೇಡ ಅಂದೆ? ಹ್ಯಾಲೊಜೆನ್ ಫಾಗ್ ಲೈಟಿನ ರಿಫ್ಲೆಕ್ಟರನ್ನು (ಬಲ್ಬಿನ ಹಿಂದಿನ ಕನ್ನಡಿಯಂಥ ಬಟ್ಟಲು) ಒಂದು ಸಣ್ಣ ಫಿಲಮೆಂಟ್ ಎಲ್ಲಿ ಕೂರುತ್ತದೋ ಆ ಜಾಗಕ್ಕೆ ಸರಿಯಾಗಿ ಲೆಕ್ಕ ಹಾಕಿ ಮಾಡಿರುತ್ತಾರೆ. ಅದರಿಂದಲೇ ಬೆಳಕು ಅಗಲವಾಗಿ, ಚಪ್ಪಟೆಯಾಗಿ, ಮೇಲಕ್ಕೆ ಹೋಗದೆ ಕತ್ತರಿಸಿದ ಹಾಗೆ ಬೀಳುವುದು. ಆ ಜಾಗಕ್ಕೆ ಎರಡು ಬದಿಗೆ ಚಿಪ್ ಇರುವ ಎಲ್‌ಇಡಿ ಬಲ್ಬ್ ಹಾಕಿದರೆ ಬೆಳಕು ಜಾಸ್ತಿ ಬರುತ್ತದೆ ನಿಜ, ಆದರೆ ಅದರಲ್ಲಿ ಒಂದು ಪಾಲು ಮೇಲಕ್ಕೆ ಹೋಗುತ್ತದೆ. ಮಂಜಿನಲ್ಲಿ ಮೇಲಕ್ಕೆ ಹೋದ ಬೆಳಕೇ ನಿಮ್ಮ ಕಣ್ಣಿಗೆ ವಾಪಸ್ ಬರುವುದು. ಎದುರಿನವರ ಕಣ್ಣು ಕುಕ್ಕುವುದು ಬೇರೆ. 2024ರ ಜುಲೈಯಿಂದ ರಾಜ್ಯದ ಪೊಲೀಸರು ಇಂತಹ ಕಣ್ಣು ಕೋರೈಸುವ ಎಲ್‌ಇಡಿಗಳ ಮೇಲೆ ಕೇಸ್ ಹಾಕಲು ಶುರು ಮಾಡಿದ್ದು ನೆನಪಿರಬಹುದು. ಕಂಪನಿಯಿಂದಲೇ ಎಲ್‌ಇಡಿ ಯೂನಿಟ್ ಆಗಿ ಬಂದದ್ದಾದರೆ ಅದರ ಮಾತೇ ಬೇರೆ, ಅದರ ರಿಫ್ಲೆಕ್ಟರೂ ಅದಕ್ಕೆ ತಕ್ಕ ಹಾಗೆ ಇರುತ್ತದೆ. ಹೊರಗಿನಿಂದ ಪೂರ್ತಿ ಯೂನಿಟ್ ಕೊಳ್ಳುವುದಾದರೆ ಲೆನ್ಸಿನ ಮೇಲೆ ಇಂಗ್ಲಿಷಿನ ಬಿ ಅಕ್ಷರ ಅಥವಾ ಎಫ್3 ಎಂಬ ಗುರುತು ಇದೆಯಾ ನೋಡಿ. ಮುಂದಿನ ಫಾಗ್ ಲೈಟ್ ಅಂತ ಪರೀಕ್ಷೆಯಾದ ಯೂನಿಟ್‌ಗೆ ಇರುವ ಗುರುತು ಅದು.

ಹಳದಿಯಾ ಬಿಳಿಯಾ ಎಂಬ ಜಗಳ ಇನ್ನೊಂದು. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಅನ್ನುವುದು ಸುಳ್ಳು. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು, ಅಷ್ಟು ದೊಡ್ಡ ಹನಿ ಎಲ್ಲ ಬಣ್ಣವನ್ನೂ ಹೆಚ್ಚು ಕಡಿಮೆ ಒಂದೇ ರೀತಿ ಚದುರಿಸುತ್ತದೆ. ಕೆಲವರ ಕಣ್ಣಿಗೆ ಹಳದಿ ಹಿತ ಅನ್ನಿಸುತ್ತದೆ, ಅಷ್ಟಕ್ಕೆ ಹಾಕಿಸಿಕೊಂಡರೆ ನನ್ನ ತಕರಾರಿಲ್ಲ.

ಬಲ್ಬ್ ಕೊಳ್ಳಬೇಕಾಗಿಯೇ ಬಂದರೆ ನಂಬರ್ ನೋಡಿ ತೆಗೆದುಕೊಳ್ಳಿ. ಎಚ್11 ಅಂದರೆ 55 ವ್ಯಾಟ್, ಎಚ್8 ಅಂದರೆ 35, ಎಚ್16 ಅಂದರೆ 19. ಮೂರೂ ನೋಡಲು ಅಣ್ಣ ತಮ್ಮಂದಿರು. ಬುಡದಲ್ಲಿ ಕೂರಿಸುವ ಕಿವಿ ಮಾತ್ರ ಸ್ವಲ್ಪ ಬೇರೆ, ಅದನ್ನು ಉಜ್ಜಿ ಕೂರಿಸಿಬಿಡುವವರೂ ಇದ್ದಾರೆ. 19 ವ್ಯಾಟಿನ ಪ್ಲಾಸ್ಟಿಕ್ ಯೂನಿಟ್ಟಿನಲ್ಲಿ 55 ಉರಿಸಿದರೆ ಒಳಗಿನ ರಿಫ್ಲೆಕ್ಟರ್ ಬಿಸಿಗೆ ಕೆಡುತ್ತದೆ. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಎಣ್ಣೆ ಕೂತ ಜಾಗ ಜಾಸ್ತಿ ಬಿಸಿಯಾಗಿ ಬಲ್ಬ್ ಬೇಗ ಹೋಗುತ್ತದೆ.

ಎಲ್ಲ ಕೂರಿಸಿದ ಮೇಲೆ ಎತ್ತರ ನೋಡಿಕೊಳ್ಳಿ. ಸಮತಟ್ಟು ಜಾಗದಲ್ಲಿ ಗೋಡೆಯಿಂದ ಏಳೂವರೆ ಮೀಟರ್ ದೂರ ಕಾರು ನಿಲ್ಲಿಸಿ. ಬೆಳಕಿನ ಮೇಲಿನ ಅಂಚು ಲೈಟಿನ ಮಧ್ಯಭಾಗದ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಯೂನಿಟ್ಟಿನ ಹತ್ತಿರ ಒಂದು ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿದರೆ ಮೇಲೆ ಕೆಳಗೆ ಆಗುತ್ತದೆ. ಬಂಪರ್ ಒಮ್ಮೆ ತಾಗಿ ರಿಪೇರಿಯಾದ ಕಾರಿನಲ್ಲಿ ಒಂದು ಲೈಟ್ ಮರದ ತುದಿ ನೋಡುತ್ತಾ ಇನ್ನೊಂದು ನೆಲ ನೋಡುತ್ತಾ ಇರುವುದು ಅಪರೂಪವಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಫಾಗ್ ಲೈಟ್ ದೂರ ತೋರಿಸುವುದಿಲ್ಲ. ಅದಕ್ಕಾಗಿ ಮಾಡಿದ್ದೇ ಅಲ್ಲ. ಮಂಜು ಎಂದರೆ ಗಾಳಿಯಲ್ಲಿ ನಿಂತ ನೀರಿನ ಹನಿ. ಹೈಬೀಮ್ ಹಾಕಿದರೆ ಬಿಳಿ ಪರದೆಗೆ ಟಾರ್ಚ್ ಹಿಡಿದ ಹಾಗೆ, ಪರದೆ ಕಾಣುತ್ತದೆ, ಹಿಂದಿನದು ಕಾಣುವುದಿಲ್ಲ. ಫಾಗ್ ಲೈಟ್ ಕೆಳಗಿನಿಂದ, ಅಗಲವಾಗಿ, ನಿಮ್ಮ ಕಣ್ಣಿನ ಸಾಲಿನಿಂದ ದೂರವಾಗಿ ಬೆಳಕು ಚೆಲ್ಲುತ್ತದೆ. ಅದರಲ್ಲಿ ನೀವು ನೋಡಬೇಕಾದದ್ದು ಮುಂದಿನ ತಿರುವನ್ನಲ್ಲ, ಎಡಬದಿಯ ಬಿಳಿ ಗೆರೆಯನ್ನು, ಚರಂಡಿಯ ಅಂಚನ್ನು, ತಡೆಗೋಡೆಯ ಬುಡವನ್ನು. ಕಾರಿನ ಮೂಗಿನಿಂದ ಸ್ವಲ್ಪವೇ ಮುಂದೆ ಆ ಗೆರೆ ಒಂದು ತುಂಡು ಕಾಣುತ್ತದೆ, ಅದು ಬಂಪರಿನ ಅಡಿಗೆ ಹೋಗುವಷ್ಟರಲ್ಲಿ ಇನ್ನೊಂದು ತುಂಡು ಬರುತ್ತದೆ. ಆ ಲಯಕ್ಕೆ ಸರಿಯಾದ ವೇಗದಲ್ಲಿ ಹೋದರೆ ಫಾಗ್ ಲೈಟ್ ಎಷ್ಟು ಉಪಕಾರಿ ಅಂತ ಗೊತ್ತಾಗುತ್ತದೆ. ಅದಕ್ಕಿಂತ ವೇಗವಾಗಿ ಹೋದರೆ ಯಾವ ಲೈಟೂ ಸಾಲದು.

ವೇಗದ ಲೆಕ್ಕವನ್ನೂ ನೋಡಿಬಿಡಿ. ಒದ್ದೆ ರಸ್ತೆ, ಟೈರ್ ಸುಮಾರಾಗಿದೆ ಅಂತಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ಇದ್ದರೆ ನೀವು ಬ್ರೇಕಿಗೆ ಕಾಲಿಡುವಷ್ಟರಲ್ಲೇ 25 ಮೀಟರ್ ಹೋಗಿರುತ್ತದೆ, ನಿಲ್ಲಲು ಒಟ್ಟು ಸುಮಾರು 60 ಮೀಟರ್ ಬೇಕು. 40ರಲ್ಲಾದರೆ ಸುಮಾರು 32 ಮೀಟರ್. ಘಾಟಿಯ ದಟ್ಟ ಮಂಜಿನಲ್ಲಿ ಎಷ್ಟು ದೂರ ಕಾಣುತ್ತದೆ, ನೀವೇ ಹೇಳಿ.

ಆಗುಂಬೆಯಲ್ಲಿ ಮಳೆಗಾಲದಲ್ಲಿ ಸಿಗುವುದು ನಿಜವಾಗಿ ಕೆಳಗಿಳಿದ ಮೋಡ. ಸೋಮೇಶ್ವರದಲ್ಲಿ ಏನೂ ಇರುವುದಿಲ್ಲ, 14 ಹೇರ್‌ಪಿನ್ ತಿರುವುಗಳಲ್ಲಿ ಅರ್ಧ ಹತ್ತುವಷ್ಟರಲ್ಲಿ ಬಾನೆಟ್ ತುದಿ ಕಾಣದ ಹಾಗೆ ಆಗುತ್ತದೆ, ಮುಂದಿನ ತಿರುವಿನಲ್ಲಿ ಮತ್ತೆ ಸ್ವಚ್ಛ. ಹಾಗಾಗಿ ಒಮ್ಮೆ ಹಾಕಿ ಮರೆತುಬಿಡುವ ಲೈಟ್ ಇದಲ್ಲ. ಮಂಜು ಸಿಕ್ಕಿದಾಗ ಡಿಮ್ ಮತ್ತು ಫಾಗ್ ಎರಡೂ ಹಾಕಿ. ಡಿಮ್ ಕೂಡ ಕಣ್ಣಿಗೆ ವಾಪಸ್ ಹೊಡೆಯುತ್ತದೆ ಅಂತ ಕೆಲವರು ಅದನ್ನು ಆರಿಸಿ ಬರೀ ಫಾಗ್‌ನಲ್ಲಿ ಹೋಗುತ್ತಾರೆ, ಆದರೆ ಮೇಲಿನಿಂದ ಇಳಿದು ಬರುವ ಬಸ್ಸಿನವರಿಗೆ ನೀವು ಕಾಣಬೇಕಲ್ಲ? ನಾನಂತೂ ಡಿಮ್ ಆರಿಸುವುದಿಲ್ಲ. ಹೇರ್‌ಪಿನ್ನಿನಲ್ಲಿ ಬಸ್ಸಿಗೆ ಪೂರ್ತಿ ರಸ್ತೆ ಬೇಕಾಗುತ್ತದೆ. ಹತ್ತುವವರಿಗೆ ದಾರಿ ಬಿಡಬೇಕು ಎಂಬ ನಿಯಮ ನಿಮ್ಮ ಕಡೆಗೆ ಇದ್ದರೂ, ಹಾರ್ನ್ ಕೇಳಿದರೆ ತಿರುವಿಗೆ ಮೊದಲೇ ನಿಂತುಬಿಡಿ.

ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತಾ ಹೋಗುವ ಅಭ್ಯಾಸ ಇದ್ದರೆ ಬಿಡಿ. ಆಗ ನೀವು ಎಡಕ್ಕೆ ತಿರುಗುವುದೋ ಬಲಕ್ಕೋ ಹಿಂದಿನವರಿಗೆ ಗೊತ್ತಾಗುವುದಿಲ್ಲ, ನಿಂತಿದ್ದೀರಾ ಹೋಗುತ್ತಿದ್ದೀರಾ ಅನ್ನುವುದೂ ಇಲ್ಲ. ಕಾರು ನಿಂತಾಗ ಹಾಕಿ. ನಿಲ್ಲಿಸುವುದಾದರೆ ರಸ್ತೆಯಿಂದ ಪೂರ್ತಿ ಹೊರಗೆ. ಸೂರ್ಯಾಸ್ತ ನೋಡುವ ಜಾಗದ ಹತ್ತಿರ ಅರ್ಧ ಟಾರಿನ ಮೇಲೆ ನಿಲ್ಲಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮುಂದಿನ ಗಾಡಿಯ ಕೆಂಪು ದೀಪ ಹಿಡಿದು ಹಿಂಬಾಲಿಸುವುದೂ ಬೇಡ, ಅವನು ಚರಂಡಿಗಿಳಿದರೆ ನೀವೂ ಇಳಿಯುತ್ತೀರಿ. ಮತ್ತೆ, ಕೆಲವು ಸಲ ಮಂಜು ಹೊರಗಲ್ಲ, ಗಾಜಿನ ಒಳಗೇ ಇರುತ್ತದೆ. ಎಸಿ ಹಾಕಿ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ ನೋಡಿ.

ಕೆಳಗೆ ಬಂದ ಮೇಲೆ, ಹೆಬ್ರಿ ಹಿರಿಯಡ್ಕ ಕಡೆಯ ಮಳೆಯಲ್ಲಿ, ಫಾಗ್ ಲೈಟ್ ಆರಿಸಿ. ಒದ್ದೆ ಟಾರ್ ಕನ್ನಡಿಯಾಗಿ ಆ ಬೆಳಕನ್ನು ನೇರ ಎದುರಿನವರ ಕಣ್ಣಿಗೆ ಕಳಿಸುತ್ತದೆ. ಏನೂ ಕಾಣದ ಹಾಗೆ ಜಡಿಮಳೆ ಹೊಡೆದರೆ ಮಾತ್ರ ಹಾಕಿ.

ಹಿಂದಿನ ಕೆಂಪು ಲೈಟ್ ಒಂದೇ ಕಡೆ ಉರಿಯುವುದು ಹೆಚ್ಚಾಗಿ ದೋಷ ಅಲ್ಲ. ಎಷ್ಟೋ ಕಾರುಗಳಲ್ಲಿ ಬಲಗಡೆ, ಅಂದರೆ ಚಾಲಕನ ಬದಿಗೆ, ಒಂದೇ ಕೊಟ್ಟಿರುತ್ತಾರೆ, ಇನ್ನೊಂದು ಬದಿಯ ಅದೇ ಜಾಗದಲ್ಲಿ ರಿವರ್ಸ್ ಲೈಟ್ ಇರುತ್ತದೆ. ಎಡಗಡೆ ಬಲ್ಬ್ ಹೋಲ್ಡರೇ ಇಲ್ಲದಿದ್ದರೆ ಅಲ್ಲಿಗೆ ಬಿಡಿ. ಈ ಕೆಂಪು ಲೈಟ್ ಬ್ರೇಕ್ ಲೈಟಿನಷ್ಟೇ ಪ್ರಖರ. ಹಾಗಾಗಿ ಮಂಜಿಲ್ಲದ ಜಾಗದಲ್ಲಿ ಉರಿಯುತ್ತಿದ್ದರೆ ನೀವು ಬ್ರೇಕ್ ಹಾಕಿದ್ದು ಹಿಂದಿನವರಿಗೆ ಎದ್ದು ಕಾಣುವುದಿಲ್ಲ. ಮೀಟರ್ ಬೋರ್ಡಿನಲ್ಲಿ ಹಸಿರು ಗುರುತು ಮುಂದಿನ ಫಾಗ್ ಲೈಟಿನದು, ಹಳದಿ ಗುರುತು ಹಿಂದಿನದು. ಸೋಮೇಶ್ವರಕ್ಕೆ ಇಳಿದಾಗ ಎರಡೂ ಆರಿದೆಯಾ ನೋಡಿಕೊಳ್ಳಿ, ಗ್ಲೋವ್ ಬಾಕ್ಸಿನಲ್ಲಿ ನಿಮ್ಮ ಕಾರಿಗೆ ಹೊಂದುವ ಫ್ಯೂಸ್ ಒಂದೆರಡು ಇಟ್ಟುಕೊಳ್ಳಿ.